ಧರ್ಮದ ತತ್ವಶಾಸ್ತ್ರ ಓದುವುದು, ಕ್ರಿಶ್ಚಿಯನ್ ಕಾಲೇಜಿನಲ್ಲಿ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗುಳೇದಗುಡ್ಡದವನು. ಖಣ ನೇಯುವ ಮನೆ. ಧಾರವಾಡದಲ್ಲಿ ಡಿಗ್ರಿ, ಪುಣೆಯಲ್ಲಿ ತತ್ವಶಾಸ್ತ್ರದ ಎಂ.ಎ., ಆಮೇಲೆ ಬೆಂಗಳೂರಿನಲ್ಲಿ ದೈವಶಾಸ್ತ್ರ ಓದಿದೆ. ಸಭೆಗಳು, ಅಂದರೆ ಚರ್ಚುಗಳು, ನಡೆಸುವ ಕಾಲೇಜುಗಳಲ್ಲಿ 28 ವರ್ಷ ಪಾಠ ಮಾಡಿ ಈಗ ಬೆಳಗಾವಿಯಲ್ಲಿ ಇದ್ದೇನೆ. ಭಾನುವಾರ ಆರಾಧನೆ ಮುಗಿದು ಚಹಾ ಕುಡಿಯುವಾಗ, ವಿಜಯಪುರದ ರೈಲಿನಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ನಡೆಯುತ್ತದೆ.

## ಮೊದಮೊದಲ ಪ್ರಶ್ನೆಗಳು

ಸರ್, ಧರ್ಮದ ತತ್ವಶಾಸ್ತ್ರ ಅಂದ್ರೆ ಏನ್ರಿ? ಬೈಬಲ್ ಓದೋದಾ?

ಅಲ್ಲ. ಬೈಬಲ್ಲಿನ ಅರ್ಥ ಹೇಳುವುದು, ಸಭೆಯ ನಂಬಿಕೆಯನ್ನು ಒಳಗೆ ನಿಂತು ವಿವರಿಸುವುದು ದೈವಶಾಸ್ತ್ರ. ಯಾವ ಊರಲ್ಲಿ ಯಾರು ಏನು ನಂಬುತ್ತಾರೆ, ಹಬ್ಬ ಹೇಗೆ ಮಾಡುತ್ತಾರೆ ಅಂತ ನೋಡುವುದು ಸಮಾಜಶಾಸ್ತ್ರ. ನಮ್ಮ ಕೆಲಸ ಬೇರೆ. ಒಂದು ಉದಾಹರಣೆ ಹೇಳುತ್ತೇನೆ. ಮಳೆ ತಡವಾದರೆ ನಮ್ಮ ಕಡೆ ಗುರ್ಜಿ ಹೊತ್ತುಕೊಂಡು ಮನೆಮನೆಗೆ ಹೋಗುತ್ತಾರೆ, ಚರ್ಚಿನಲ್ಲಿ ನಾವು ಮಳೆಗಾಗಿ ಪ್ರಾರ್ಥನೆ ಮಾಡುತ್ತೇವೆ. ದೇವರಿಗೆ ಎಲ್ಲಾ ಮೊದಲೇ ಗೊತ್ತಿದ್ದರೆ ನಾವು ಕೇಳಿದ್ದರಿಂದ ಏನು ಬದಲಾಯಿತು? ಬದಲಾಗುವುದಿಲ್ಲ ಅಂದರೆ ಯಾಕೆ ಕೇಳಬೇಕು? ಬದಲಾಗುತ್ತದೆ ಅಂದರೆ ಕೇಳದ ಊರಿನವರು ಏನು ತಪ್ಪು ಮಾಡಿದರು? ಈ ಗಂಟನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಕೂರುವುದೇ ನಮ್ಮ ವಿಷಯ. ನಂಬುವವರೂ ಇದನ್ನು ಮಾಡುತ್ತಾರೆ, ನಂಬದವರೂ ಮಾಡುತ್ತಾರೆ.

ದೇವರನ್ನ ನಂಬಿದ್ರೆ ಸಾಕಲ್ವಾ, ವಾದ ಯಾಕೆ ಬೇಕು?

ಮೋಕ್ಷಕ್ಕೆ ವಾದ ಬೇಕು ಅಂತ ನಾನು ಎಂದೂ ಹೇಳಿಲ್ಲ. ನಮ್ಮ ಅಜ್ಜಿಗೆ ಓದು ಬರೆಹ ಬರುತ್ತಿರಲಿಲ್ಲ, ಅವಳ ನಂಬಿಕೆ ನನ್ನದಕ್ಕಿಂತ ಗಟ್ಟಿ ಇತ್ತು. ಆದರೆ ಯಾರೋ ಬಂದು ಒಂದು ಪ್ರಶ್ನೆ ಕೇಳಿದಾಗ 'ಅದೆಲ್ಲ ಕೇಳಬಾರದು' ಅಂತ ಬಾಯಿ ಮುಚ್ಚಿಸಿದರೆ ಕೇಳಿದವನಿಗೆ ಅನ್ಯಾಯ ಆಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಭಕ್ತರೆಲ್ಲ ದೇವರನ್ನು ವಾದದಿಂದ ಸಾಧಿಸಲು ಹೊರಟವರಲ್ಲ. ಹತ್ತನೇ ಶತಮಾನದ ಸುಮಾರಿಗೆ ನ್ಯಾಯ ದರ್ಶನದ ಉದಯನಾಚಾರ್ಯರು ಮಡಕೆಗೆ ಕುಂಬಾರ ಇದ್ದ ಹಾಗೆ ಜಗತ್ತಿಗೆ ಕರ್ತೃ ಇರಲೇಬೇಕು ಅಂತ ವಾದ ಕಟ್ಟಿದರು. ಬೌದ್ಧರಾದ ರತ್ನಕೀರ್ತಿ ಇಂಥ ವಾದವನ್ನು ಖಂಡಿಸಿದರು, ಅದು ಸಹಜ. ಆದರೆ ನಮ್ಮ ಮೇಲುಕೋಟೆಯಲ್ಲಿ ಇದ್ದ ರಾಮಾನುಜರು, ಅಷ್ಟು ದೊಡ್ಡ ಭಕ್ತರು, ಅವರೂ ಆ ವಾದ ನಿಲ್ಲುವುದಿಲ್ಲ ಅಂದರು. ಮಡಕೆ ಮಾಡಿದ್ದನ್ನು ನೋಡಿದ್ದೇವೆ, ಬೆಟ್ಟ ಮಾಡಿದ್ದನ್ನು ಯಾರು ನೋಡಿದ್ದಾರೆ, ಮಾಡಿದವನು ಒಬ್ಬನೇ ಅಂತ ಹೇಗೆ ಹೇಳುತ್ತೀರಿ, ದೇವರು ಶಾಸ್ತ್ರದಿಂದಲೇ ತಿಳಿಯಬೇಕು ಅನ್ನುವುದು ಅವರ ನಿಲುವು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಬರೆದ, ಅವನು ಸತ್ತ ಮೇಲೆ 1779ರಲ್ಲಿ ಹೊರಬಂದ ಸಂವಾದದಲ್ಲಿ ಹೆಚ್ಚುಕಡಿಮೆ ಇದೇ ಆಕ್ಷೇಪ ಇದೆ. ಒಬ್ಬರು ಭಕ್ತರು, ಒಬ್ಬ ಸಂದೇಹವಾದಿ, ಆಕ್ಷೇಪ ಒಂದೇ. ನನಗೆ ಮೊದಲ ಸಲ ಇದು ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಹಳಬರು ಇದಕ್ಕೆ ಒಂದು ಪದ್ಧತಿ ಇಟ್ಟಿದ್ದರು, ಪೂರ್ವಪಕ್ಷ. ನಿಮ್ಮ ಮಾತು ಹೇಳುವ ಮೊದಲು ಎದುರಿನವರ ಮಾತನ್ನು ಅವರೇ ತಲೆಯಾಡಿಸುವಷ್ಟು ಚೆನ್ನಾಗಿ ಹೇಳಬೇಕು. ನಾನು 28 ವರ್ಷ ಕಲಿಸಿದ್ದು ನಿಜವಾಗಿ ಇದೊಂದನ್ನೇ.

ನಮ್ ಕಡೆ ಇದಕ್ಕೆ ಏನಾರ ಪರಂಪರೆ ಐತೇನ್ರಿ, ಇಲ್ಲಾ ಎಲ್ಲಾ ಫಾರಿನ್‌ದ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಕೇಳಿದವರ ಮೇಲಲ್ಲ, ನಮ್ಮ ಶಾಲೆಗಳಲ್ಲಿ ಇದನ್ನು ಯಾರೂ ಹೇಳಿಕೊಡದೆ ಹೋದರಲ್ಲ ಅಂತ.

ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಆರ್.ಡಿ. ರಾನಡೆಯವರನ್ನೇ ತೆಗೆದುಕೊಳ್ಳಿ. ಗ್ರೀಕ್ ತತ್ವಶಾಸ್ತ್ರದಿಂದ ಉಪನಿಷತ್ತಿನವರೆಗೆ ಆಳವಾಗಿ ಓದಿದ ಮನುಷ್ಯ. ಪುಣೆ, ಸಾಂಗಲಿಯಲ್ಲಿ ಪಾಠ ಮಾಡಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಮುಖ್ಯಸ್ಥರಾಗಿ, ಕೊನೆಗೆ ಅಲ್ಲಿಯೇ ಕುಲಪತಿ ಆದರು. ಉಪನಿಷತ್ತುಗಳ ಬಗ್ಗೆ ಅವರ ದೊಡ್ಡ ಪುಸ್ತಕ ಬಂದದ್ದು 1926ರಲ್ಲಿ. ಅಷ್ಟೆಲ್ಲ ಆದ ಮೇಲೆ ಬಂದು ಕೂತದ್ದು ಎಲ್ಲಿ? ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ. 1957ರಲ್ಲಿ ಅಲ್ಲೇ ತೀರಿಕೊಂಡರು. ಅನುಭಾವಿಗಳು 'ದೇವರನ್ನು ಕಂಡೆ' ಅನ್ನುತ್ತಾರಲ್ಲ, ಆ ಕಾಣುವಿಕೆಗೆ ಜ್ಞಾನದ ಬೆಲೆ ಇದೆಯೇ ಅನ್ನುವುದು ಅವರ ಜೀವನದ ಪ್ರಶ್ನೆ. ಇದು ಧರ್ಮದ ತತ್ವಶಾಸ್ತ್ರದ ನಡುಮನೆಯ ಪ್ರಶ್ನೆ. ಬೆಳಗಾವಿಯ ಹಿಂದವಾಡಿಯಲ್ಲಿ ಅವರ ಹೆಸರಿನ ಮಂದಿರ ಇದೆ, ತೌಲನಿಕ ತತ್ವಶಾಸ್ತ್ರ ಮತ್ತು ಧರ್ಮದ ಅಕಾಡೆಮಿ ಅಲ್ಲೇ ಇದೆ. ಹೋಗಿ ನೋಡಿ.

ಇನ್ನು ಬಸವಣ್ಣನವರ ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಾ ತಾಳೆಗರಿ ಹುಡುಕಿ, 1923ರಲ್ಲಿ ವಚನಗಳ ಸಂಗ್ರಹ ಅಚ್ಚು ಹಾಕಿಸದೇ ಇದ್ದಿದ್ದರೆ ಇವತ್ತು ನಾವು ವಚನ ಇಟ್ಟುಕೊಂಡು ಚರ್ಚೆ ಮಾಡಲು ಆಗುತ್ತಲೇ ಇರಲಿಲ್ಲ.

ಕ್ರೈಸ್ತರ ಕಡೆಯಿಂದ ನೋಡಿದರೆ, ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಮೆಥಡಿಸ್ಟ್ ಸಭೆಯ ಕೈಗೆ ಹೋಯಿತು. ಸೇಂಟ್ ಪಾಲ್ಸ್ ಶಾಲೆ 1856ರದು, ಜೆಸ್ಯೂಟ್ ಅನ್ನುವ ಕ್ಯಾಥೊಲಿಕ್ ಸಂನ್ಯಾಸಿಗಳದು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1851ರಲ್ಲಿ ನಮ್ಮ ಗುಳೇದಗುಡ್ಡ, 1885ರಲ್ಲಿ ವಿಜಯಪುರ ತಲುಪಿತು. ಕಿಟೆಲ್ ಆ ಮಿಷನ್ನಿನವರೇ. ಧರ್ಮ ಸಾರಲು ಬಂದವರು ಕನ್ನಡ ಕಲಿತು, ಪಂಡಿತರ ಜೊತೆ ಕೂತು 1894ರಲ್ಲಿ ನಿಘಂಟು ಕೊಟ್ಟು ಹೋದರು. ಎದುರಿನವರ ಮಾತು ಪೂರ್ತಿ ತಿಳಿಯದೆ ವಾದ ಮಾಡಲು ಆಗುವುದಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಾನು ಕ್ರಿಶ್ಚಿಯನ್ ಅಲ್ಲ. ಓದಬಹುದಾ?

ಖಂಡಿತ. ವಿಶ್ವವಿದ್ಯಾಲಯದಲ್ಲಿ ಯಾರೂ ನಿಮ್ಮ ಧರ್ಮ ಕೇಳುವುದಿಲ್ಲ. ನನ್ನ ತರಗತಿಯ ಅತಿ ಚುರುಕು ವಿದ್ಯಾರ್ಥಿಗಳಲ್ಲಿ ಒಬ್ಬಳು ಇಂಡಿ ಕಡೆಯ ಲಿಂಗಾಯತ ಹುಡುಗಿ, ಒಬ್ಬ ವಿಜಯಪುರದ ಮುಸ್ಲಿಂ ಹುಡುಗ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಕೊಡುವ ದೈವಶಾಸ್ತ್ರದ ಪದವಿ ಬಿ.ಡಿ. ಮಾತ್ರ ಮುಖ್ಯವಾಗಿ ಸಭೆಯ ಸೇವೆಗೆ ಹೋಗುವವರಿಗೆ ಅಂತಲೇ ಇರುವ ಓದು.

## ಓದು, ಪದವಿ, ಸಂಬಳ

ಎಂ.ಎ. ಮಾಡ್ಲಾ, ಬಿ.ಡಿ. ಮಾಡ್ಲಾ?

ಎಲ್ಲಿ ಕಲಿಸಬೇಕು ಅಂತ ಇದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಮಾಮೂಲಿ ಕಾಲೇಜು, ವಿಶ್ವವಿದ್ಯಾಲಯದಲ್ಲಿ ಕಲಿಸಬೇಕಾದರೆ ತತ್ವಶಾಸ್ತ್ರದ ಎಂ.ಎ. ಬೇಕೇ ಬೇಕು. ಮೈಸೂರು, ಪುಣೆ, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲಿ ವಿಭಾಗ ಇದೆ, ಬೆಳಗಾವಿಯವರಿಗೆ ಪುಣೆ ರಾತ್ರಿ ಬಸ್ಸಿನ ದಾರಿ. ಮನೆ ಬಿಟ್ಟು ಹೋಗಲು ಆಗದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಎಂ.ಎ. ಇದೆ. ಮಗ್ಗದ ಕೆಲಸ ಮಾಡುತ್ತಲೇ ಅದನ್ನು ಮುಗಿಸಿದ ಒಬ್ಬರನ್ನು ನಾನು ಬಲ್ಲೆ.

ಸೆಮಿನರಿಯಲ್ಲಿ ಕಲಿಸಬೇಕಾದರೆ ಪ್ರೊಟೆಸ್ಟಂಟರಿಗೆ ಬಂಗಾಳದ ಸೆರಾಂಪುರದ ಸೆನೆಟ್ ಕೊಡುವ ಬಿ.ಡಿ., ಆಮೇಲೆ ಅದರ ಮೇಲಿನ ಪದವಿಗಳಾದ ಎಂ.ಟಿಎಚ್., ಡಿ.ಟಿಎಚ್. ಸೆರಾಂಪುರದ ಕಥೆ ಕೇಳುವ ಹಾಗಿದೆ. ವಿಲಿಯಂ ಕ್ಯಾರಿ ಅನ್ನುವ ಮಿಷನರಿ ಮತ್ತು ಅವರ ಜೊತೆಗಾರರು 1818ರಲ್ಲಿ ಕಾಲೇಜು ತೆರೆದಾಗ ಆ ಊರು ಡೆನ್ಮಾರ್ಕಿನ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ರಾಜ ಪದವಿ ಕೊಡುವ ಅಧಿಕಾರದ ಸನ್ನದು ಕೊಟ್ಟ, 1918ರಲ್ಲಿ ಬಂಗಾಳದ ಶಾಸನಸಭೆ ಕಾಯಿದೆ ಮಾಡಿತು. ಅದೇ ಅಧಿಕಾರದಲ್ಲಿ ಇವತ್ತಿಗೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪದವಿ ಸಿಗುತ್ತದೆ. ಬಲ್ಮಠದ್ದು 1847ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಸೆಮಿನರಿ.

ಕ್ಯಾಥೊಲಿಕರಲ್ಲಿ ಫಾದರ್ ಆಗುವವರು ದೈವಶಾಸ್ತ್ರಕ್ಕಿಂತ ಮೊದಲೇ ತತ್ವಶಾಸ್ತ್ರ ಓದಬೇಕು, ಅದು ಅವರ ನಿಯಮ. ಈ ವಿಷಯದಲ್ಲಿ ಅವರು ನಮಗಿಂತ ಮುಂದೆ ಇದ್ದಾರೆ ಅಂತ ನಾನು ಯಾವಾಗಲೂ ಹೇಳುತ್ತೇನೆ. ಪುಣೆಯ ಜ್ಞಾನದೀಪ, ಬೆಂಗಳೂರಿನ ಧರ್ಮಾರಾಮ್ ಅವರ ದೊಡ್ಡ ಕೇಂದ್ರಗಳು.

ನನ್ನ ಸಲಹೆ ಕೇಳಿದರೆ ಮೊದಲು ಎಂ.ಎ. ಮಾಡಿ. ಬಿ.ಡಿ. ಆಮೇಲೆ ಮಾಡಬಹುದು. ತಿರುಗಾಮುರುಗಾ ಮಾಡಿದವರಿಗೆ ತರ್ಕದ ಅಭ್ಯಾಸ ಕಡಿಮೆ ಬಿದ್ದು ಒದ್ದಾಡಿದ್ದನ್ನು ನೋಡಿದ್ದೇನೆ.

ಇದನ್ನ ಓದಿದ್ರ ಹೊಟ್ಟಿಗೆ ಏನ್ ಸಿಗತೈತ್ರಿ?

ತಂದೆ ತಾಯಿ ಕೇಳುವ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ತತ್ವಶಾಸ್ತ್ರದ ಹುದ್ದೆ ತೀರಾ ಕಡಿಮೆ. ಇದನ್ನು ಮುಚ್ಚಿಡುವುದು ತಪ್ಪು.

ಸಹಾಯಕ ಪ್ರಾಧ್ಯಾಪಕ ಆಗಲು ಎಂ.ಎ.ಯಲ್ಲಿ 55 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ 50. ಜೊತೆಗೆ ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ, ಇಲ್ಲವೇ ರಾಜ್ಯಮಟ್ಟದ ಸೆಟ್ ಆಗಿರಬೇಕು. ನೆಟ್‌ಗೆ ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಅದಕ್ಕೆ ಒಂದನ್ನೂ ಖಾಲಿ ಬಿಡಬೇಡಿ. ತತ್ವಶಾಸ್ತ್ರ ಒಂದು ವಿಷಯ, ಧರ್ಮಗಳ ತೌಲನಿಕ ಅಧ್ಯಯನ ಬೇರೆಯದೇ ವಿಷಯ. ಅರ್ಜಿ ಹಾಕುವಾಗ ಗೊಂದಲ ಮಾಡಿಕೊಳ್ಳಬೇಡಿ. ಜೆಆರ್‌ಎಫ್ ಅನ್ನುವ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕರೆ 2023ರಲ್ಲಿ ಏರಿಸಿದ ಲೆಕ್ಕದಲ್ಲಿ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಪಿಎಚ್.ಡಿ. ಮುಗಿಯುವವರೆಗೆ ಮನೆಯವರ ಮುಂದೆ ಕೈ ಚಾಚಬೇಕಿಲ್ಲ.

ಸೆಮಿನರಿಯ ಸಂಬಳ ಕಾಲೇಜಿನ ಸಂಬಳಕ್ಕಿಂತ ಸಾಮಾನ್ಯವಾಗಿ ಕಡಿಮೆ. ಇರಲು ಮನೆ ಕೊಡುತ್ತಾರೆ, ಆದರೆ ನಿವೃತ್ತಿ ಆದ ದಿನ ಆ ಮನೆ ಬಿಡಬೇಕು. ಇದನ್ನು ಮೊದಲೇ ಯೋಚಿಸದೆ ಅರವತ್ತನೇ ವಯಸ್ಸಿನಲ್ಲಿ ಬಾಡಿಗೆ ಮನೆ ಹುಡುಕಿದ ಸಹೋದ್ಯೋಗಿಗಳು ನನಗೆ ಇದ್ದಾರೆ. ಕೈಯಲ್ಲಿ ಬಿ.ಇಡಿ. ಇಟ್ಟುಕೊಳ್ಳಿ, ಅಥವಾ ಇಂಗ್ಲಿಷ್ ಪಾಠ ಮಾಡುವಷ್ಟು ತಯಾರಿ ಇರಲಿ.

ನಾ ಕನ್ನಡ ಮೀಡಿಯಂದಾಗ ಓದೇನ್ರಿ. ಇಂಗ್ಲಿಷ್ ಪುಸ್ತಕ ನೋಡಿದ್ರ ತಲಿ ತಿರಗತೈತಿ.

ನನಗೂ ತಿರುಗಿತ್ತು. ಪುಣೆಯಲ್ಲಿ ಮೊದಲ ಆರು ತಿಂಗಳು ತರಗತಿಯಲ್ಲಿ ಒಂದು ಮಾತೂ ಆಡಲಿಲ್ಲ. ಹಾಸ್ಟೆಲಿನಲ್ಲಿ ದಿನಕ್ಕೆ ಒಂದೇ ಪುಟ ಓದುತ್ತಿದ್ದೆ. ಓದಿ, ಪುಸ್ತಕ ಮುಚ್ಚಿ, ಆ ಪುಟದಲ್ಲಿ ಏನು ವಾದ ಇದೆ ಅಂತ ಕನ್ನಡದಲ್ಲಿ, ನಮ್ಮವ್ವನಿಗೆ ಹೇಳುವ ಹಾಗೆ ಬರೆಯುತ್ತಿದ್ದೆ. ಬರೆಯಲು ಬರಲಿಲ್ಲ ಅಂದರೆ ನನಗೆ ತಿಳಿದಿಲ್ಲ ಅಂತ ಲೆಕ್ಕ, ಮತ್ತೆ ಮೊದಲಿಂದ. ಒಂದು ವರ್ಷದಲ್ಲಿ ಇಂಗ್ಲಿಷ್ ಸರಾಗ ಬಂತು, ಅದಕ್ಕಿಂತ ಹೆಚ್ಚಾಗಿ ವಾದ ಹಿಡಿಯುವ ಕಣ್ಣು ಬಂತು.

ನೆಟ್ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಇಂಗ್ಲಿಷ್ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೆ ಕನ್ನಡದಲ್ಲಿ ಯೋಚನೆ ಮಾಡುವುದನ್ನು ಬಿಡಬೇಡಿ, ಅದು ನಿಮ್ಮ ಬಂಡವಾಳ. ಇಂಗ್ಲಿಷಿನಲ್ಲಿ 'ಈವಿಲ್' ಅಂತ ಒಂದೇ ಪದ ಇಟ್ಟುಕೊಂಡು ಭೂಕಂಪಕ್ಕೂ ಕೊಲೆಗೂ ಅದನ್ನೇ ಬಳಸುತ್ತಾರೆ. ಕನ್ನಡದಲ್ಲಿ ಕೇಡು ಬೇರೆ, ಕೆಡುಕು ಬೇರೆ, ಪಾಪ ಬೇರೆ, ಸಂಕಟ ಬೇರೆ. ಹೊಳೆ ಬಂದು ಹೊಲ ಹೋದರೆ ಅದು ಕೇಡು, ಯಾರೂ ಅದನ್ನು ಪಾಪ ಅನ್ನುವುದಿಲ್ಲ. ಆ ವ್ಯತ್ಯಾಸ ತೋರಿಸಲು ಇಂಗ್ಲಿಷಿನವರು 'ನೈತಿಕ', 'ನೈಸರ್ಗಿಕ' ಅನ್ನುವಂಥ ವಿಶೇಷಣ ಅಂಟಿಸಬೇಕಾಗುತ್ತದೆ, ನಮಗೆ ಅದು ಹುಟ್ಟಿನಿಂದಲೇ ಬಂದಿದೆ.

ಹೆಣ್ಣುಮಕ್ಕಳಿಗೆ ಈ ಲೈನ್‌ನಲ್ಲಿ ಜಾಗ ಇದೆಯಾ ಸರ್?

ಇದೆ, ಆದರೆ ನಮ್ಮ ಸೆಮಿನರಿಗಳಲ್ಲಿ ಇನ್ನೂ ಕಡಿಮೆ. ಈ ವಿಷಯದಲ್ಲಿ ಇವತ್ತು ಓದಲೇಬೇಕಾದ ಹೆಸರುಗಳಲ್ಲಿ ಎಲಿಯನೋರ್ ಸ್ಟಂಪ್, ಲಿಂಡಾ ಝಾಗ್ಜೆಬ್‌ಸ್ಕಿ, 2017ರಲ್ಲಿ ತೀರಿಕೊಂಡ ಮೆರಿಲಿನ್ ಮೆಕಾರ್ಡ್ ಆಡಮ್ಸ್ ಇದ್ದಾರೆ. ಬದುಕನ್ನೇ ಅರ್ಥಹೀನ ಮಾಡುವಂಥ ಘೋರ ಸಂಕಟದ ಬಗ್ಗೆ ಆಡಮ್ಸ್ ಬರೆದದ್ದರ ಮುಂದೆ ಗಂಡಸರು ಬರೆದ ಎಷ್ಟೋ ಪುಸ್ತಕ ತೆಳುವಾಗಿ ಕಾಣುತ್ತವೆ. ಸಿಎಸ್‌ಐ ಸಭೆಯಲ್ಲಿ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಚರ್ಚುಗಳ ಒಕ್ಕೂಟದಲ್ಲಿ, 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮಹಿಳೆಯೊಬ್ಬರು ಬಿಷಪ್ ಆದರು. ಬಾಗಿಲು ತೆರೆದಿದೆ, ತಂದೆ ತಾಯಿ ಪಿಎಚ್.ಡಿ. ಮುಗಿಯುವ ತನಕ ಮದುವೆ ಮದುವೆ ಅಂತ ಒತ್ತಾಯ ಮಾಡದಿದ್ದರೆ ಅರ್ಧ ಕೆಲಸ ಆದ ಹಾಗೆ.

## ಕ್ರಿಶ್ಚಿಯನ್ ಕಾಲೇಜಿನ ಒಳಗೆ

ಕ್ರಿಶ್ಚಿಯನ್ ಕಾಲೇಜು ಅಂದ್ರೆ ಮತಾಂತರ ಮಾಡೋ ಜಾಗ ಅಲ್ವಾ?

ನೇರ ಕೇಳಿದಿರಿ, ನೇರ ಹೇಳುತ್ತೇನೆ. ಮಿಷನರಿಗಳು ಕಾಲೇಜು ತೆರೆದಾಗ ಓದಿದವರು ಕ್ರಿಸ್ತನ ಕಡೆ ಬರುತ್ತಾರೆ ಅನ್ನುವ ಆಸೆ ಅವರಿಗೆ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆದದ್ದೇನು? ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ರಾಧಾಕೃಷ್ಣನ್ ಅವರು ಎ.ಜಿ. ಹಾಗ್ ಅನ್ನುವ ಮಿಷನರಿ ಪ್ರಾಧ್ಯಾಪಕರ ಕೈಕೆಳಗೆ ಓದಿದರು. ವೇದಾಂತದಲ್ಲಿ ನೀತಿಗೆ ಜಾಗ ಇಲ್ಲ ಅನ್ನುವ ಕ್ರೈಸ್ತರ ಟೀಕೆ ಅವರನ್ನು ಚುಚ್ಚಿತು. ಅದಕ್ಕೆ ಉತ್ತರವಾಗಿ 1908ರಲ್ಲಿ ಎಂ.ಎ.ಗೆ ವೇದಾಂತದ ನೀತಿಯ ಬಗ್ಗೆ ಪ್ರಬಂಧ ಬರೆದರು. ಹಾಗ್ ಅದನ್ನು ಮೆಚ್ಚಿ ಬರೆದುಕೊಟ್ಟರು. ಆ ಹುಡುಗ ಮುಂದೆ ಮೈಸೂರಿನಲ್ಲಿ ಪಾಠ ಮಾಡಿ, ಆಕ್ಸ್‌ಫರ್ಡಿಗೆ ಹೋಗಿ, ರಾಷ್ಟ್ರಪತಿ ಆದರು. ತನ್ನ ಧರ್ಮವನ್ನೇ ಎದುರಿಸಿ ಬರೆದ ವಿದ್ಯಾರ್ಥಿಯನ್ನು ಮೆಚ್ಚಿದ ಹಾಗ್ ನನ್ನ ಪಾಲಿಗೆ ಕ್ರಿಶ್ಚಿಯನ್ ಕಾಲೇಜಿನ ಮೇಷ್ಟ್ರು ಹೇಗಿರಬೇಕು ಅನ್ನುವುದಕ್ಕೆ ಅಳತೆಗೋಲು.

ಕಾನೂನಿನ ಮಾತು ಬೇಕಾದರೆ, ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ನಡೆಸುವ ಹಕ್ಕು ಕೊಡುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದ ವಿದ್ಯಾರ್ಥಿಯನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಅಂತ 28ನೇ ವಿಧಿ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಿ.

ಅಲ್ಲಿ ಎಲ್ಲಾ ಪ್ರಶ್ನೆ ಕೇಳೋಕೆ ಬಿಡ್ತಾರಾ?

ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಅಮೆರಿಕದ ಹಲವು ಕ್ರೈಸ್ತ ಕಾಲೇಜುಗಳಲ್ಲಿ ಮೇಷ್ಟ್ರುಗಳು ಸಭೆಯ ನಂಬಿಕೆಗಳನ್ನು ಒಪ್ಪುತ್ತೇನೆ ಅನ್ನುವ ವಿಶ್ವಾಸಪತ್ರಕ್ಕೆ ಸಹಿ ಹಾಕಬೇಕು. ನಮ್ಮಲ್ಲಿ ಸಹಿ ಕಡಿಮೆ, ಕಣ್ಣಿನ ಭಾಷೆ ಜಾಸ್ತಿ.

ನನ್ನ ಅನುಭವ ಹೇಳುತ್ತೇನೆ. ಒಂದು ಸಂಸ್ಥೆಯಲ್ಲಿ ನಾಲ್ಕನೇ ವರ್ಷ ಪಾಠ ಮಾಡುತ್ತಿದ್ದೆ. ದೇವರಿಲ್ಲ ಅನ್ನುವವರ ವಾದವನ್ನು ಎರಡು ವಾರ, ಅವರ ಪಕ್ಷದಲ್ಲೇ ನಿಂತು ಹೇಳಿಕೊಟ್ಟೆ. ಯಾರೋ ಪೋಷಕರು ದೂರು ಕೊಟ್ಟರು. ಆಡಳಿತದವರು ಕರೆದು 'ಆ ಪಾಠ ಬಿಟ್ಟುಬಿಡಿ, ಇಲ್ಲಾ ಮೊದಲ ದಿನವೇ ಅದು ತಪ್ಪು ಅಂತ ಹೇಳಿ ಶುರು ಮಾಡಿ' ಅಂದರು. ಅದು ನನ್ನಿಂದ ಆಗುವುದಿಲ್ಲ ಅಂದೆ. ಮುಂದಿನ ಜೂನ್‌ನಲ್ಲಿ ನನ್ನ ಕೆಲಸ ಮುಂದುವರಿಯಲಿಲ್ಲ. ಹದಿನಾಲ್ಕು ತಿಂಗಳು ಮನೆಯಲ್ಲಿ ಟ್ಯೂಷನ್ ಮಾಡಿದೆ, ನನ್ನ ಹೆಂಡತಿ ಹೊಲಿಗೆ ಹಿಡಿದು ಮನೆ ನಡೆಸಿದಳು. ಆ ಸಂಸ್ಥೆಯವರು ಕೆಟ್ಟವರಲ್ಲ, ಅವರಿಗೆ ಹೆದರಿಕೆ ಇತ್ತು. ಆದರೆ ಆ ಹೆದರಿಕೆ ಮಕ್ಕಳಿಗೆ ಅಂಟಿದರೆ ಅವರು ಹೊರಗೆ ಬಂದ ಮೊದಲ ದಿನವೇ ಮುರಿದು ಬೀಳುತ್ತಾರೆ. ಮುಂದೆ ಸೇರಿದ ಕಾಲೇಜಿನ ಪ್ರಾಂಶುಪಾಲರು ಅದೇ ಪಾಠದ ಕೊನೆಯ ಬೆಂಚಿನಲ್ಲಿ ಬಂದು ಕೂತು ಕೇಳಿದರು.

ಸೇರುವ ಮೊದಲೇ ಪಠ್ಯಕ್ರಮ ತೋರಿಸಿ ಮಾತಾಡಿಕೊಳ್ಳಿ. ಆಮೇಲೆ ಜಗಳ ಮಾಡುವುದಕ್ಕಿಂತ ಇದು ಮೇಲು.

ಪ್ಲಾಂಟಿಂಗಾ ಪ್ಲಾಂಟಿಂಗಾ ಅಂತಿರ್ತಾರಲ್ಲ, ಅವರು ಅಷ್ಟು ದೊಡ್ಡವರಾ?

ಹೌದು, ಅಮೆರಿಕದ ಕ್ರೈಸ್ತ ತತ್ವಶಾಸ್ತ್ರಜ್ಞರು. ಯಾಕೆ ದೊಡ್ಡವರು ಅಂತ ತಿಳಿಯಲು 1950ರ ಕಾಲಕ್ಕೆ ಹೋಗಬೇಕು. ಆಗ ಇಂಗ್ಲಿಷ್ ಮಾತಾಡುವ ದೇಶಗಳ ತತ್ವಶಾಸ್ತ್ರದಲ್ಲಿ ದೇವರ ಮಾತು ಎತ್ತಿದರೆ ಮುಖ ತಿರುಗಿಸುತ್ತಿದ್ದರು. ಪರೀಕ್ಷೆ ಮಾಡಿ ನೋಡಲಾಗದ ಮಾತಿಗೆ ಅರ್ಥವೇ ಇಲ್ಲ ಅನ್ನುವ ವಾದ ಜೋರಾಗಿತ್ತು. ಆ ಹೊತ್ತಿನಲ್ಲಿ ಆಲ್ವಿನ್ ಪ್ಲಾಂಟಿಂಗಾ, ನಿಕೊಲಸ್ ವೋಲ್ಟರ್‌ಸ್ಟಾರ್ಫ್ ಅನ್ನುವ ಇಬ್ಬರು, ಇಬ್ಬರೂ 1932ರಲ್ಲಿ ಹುಟ್ಟಿದವರು, ಮಿಷಿಗನ್ ರಾಜ್ಯದ ಸಭೆ ನಡೆಸುವ ಕ್ಯಾಲ್ವಿನ್ ಅನ್ನುವ ಸಣ್ಣ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠ ಮಾಡುತ್ತಾ ಉಳಿದರು. ಪ್ಲಾಂಟಿಂಗಾ ಅಲ್ಲಿ 1963ರಿಂದ 1982ರವರೆಗೆ ಇದ್ದರು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೂತವರು ತಿರುಗಿ ನೋಡುವಂಥ ಕೆಲಸ ಅಲ್ಲಿಂದಲೇ ಮಾಡಿದರು. ಸಣ್ಣ ಊರಿನ ಸಭೆಯ ಕಾಲೇಜಿನಲ್ಲಿ ಇರುವ ಮೇಷ್ಟ್ರುಗಳಿಗೆ ನಾನು ಇದನ್ನು ಬೇಕಂತಲೇ ಹೇಳುತ್ತೇನೆ.

1978ರಲ್ಲಿ ಕ್ರೈಸ್ತ ತತ್ವಶಾಸ್ತ್ರಜ್ಞರ ಸಂಘ ಶುರುವಾಯಿತು, 1984ರಲ್ಲಿ ಅದರ ಪತ್ರಿಕೆ. ಅಷ್ಟರಲ್ಲಿ ಪ್ಲಾಂಟಿಂಗಾ ನಾಟ್ರಡಾಮ್ ಅನ್ನುವ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು, ಅವರು ಪ್ರೊಟೆಸ್ಟಂಟ್ ಆದರೂ. 1983ರಲ್ಲಿ ಅಲ್ಲಿ ಮಾಡಿದ ಭಾಷಣದಲ್ಲಿ ಕ್ರೈಸ್ತ ತತ್ವಶಾಸ್ತ್ರಜ್ಞರು ಬೇರೆಯವರು ಹಾಕಿಕೊಟ್ಟ ಪ್ರಶ್ನೆಗಳ ಹಿಂದೆಯೇ ಓಡದೆ ತಮ್ಮ ಸಮುದಾಯದ ಪ್ರಶ್ನೆಗಳನ್ನೂ ಧೈರ್ಯವಾಗಿ ಎತ್ತಿಕೊಳ್ಳಬೇಕು ಅಂದರು. 2017ರಲ್ಲಿ ಟೆಂಪಲ್‌ಟನ್ ಪ್ರಶಸ್ತಿ ಬಂತು. ಅವರ ಆ ಭಾಷಣ ನನಗೆ ಧೈರ್ಯ ಕೊಟ್ಟಿದೆ, ಒಂದು ಅನುಮಾನವನ್ನೂ ಕೊಟ್ಟಿದೆ. ಅವರ ಸಮುದಾಯ ಡಚ್ ವಲಸೆಗಾರರ ಸಭೆ, ಅಕ್ಕಪಕ್ಕದ ಮನೆಯಲ್ಲೂ ಹೆಚ್ಚಾಗಿ ಕ್ರೈಸ್ತರೇ. ನನ್ನ ಪಕ್ಕದ ಮನೆಯಲ್ಲಿ ಬನಶಂಕರಿ ಜಾತ್ರೆಗೆ ಹೋಗುವವರಿದ್ದಾರೆ, ಎದುರಿಗೆ ದರ್ಗಾ ಇದೆ. ನನ್ನ ಸಮುದಾಯದ ಪ್ರಶ್ನೆ ಅಂದರೆ ಅವರ ಪ್ರಶ್ನೆಯೂ ಅದರಲ್ಲಿ ಸೇರುತ್ತದೆ ಅಲ್ವಾ?

## ಆಳಕ್ಕೆ ಇಳಿದವರ ಪ್ರಶ್ನೆಗಳು

ದೇವರು ಒಳ್ಳೆಯವನಾದ್ರೆ ಇಷ್ಟು ಕಷ್ಟ ಯಾಕೆ? ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಉತ್ತರ ಇದೆಯಾ?

ಉತ್ತರಗಳು ಇವೆ, ಒಂದೊಂದಕ್ಕೂ ಒಂದೊಂದು ಮಿತಿ ಇದೆ. 1955ರಲ್ಲಿ ಜೆ.ಎಲ್. ಮ್ಯಾಕಿ ಅನ್ನುವ ನಿರೀಶ್ವರವಾದಿ ತತ್ವಶಾಸ್ತ್ರಜ್ಞ, ಸರ್ವಶಕ್ತನೂ ಪೂರ್ತಿ ಒಳ್ಳೆಯವನೂ ಆದ ದೇವರು ಇದ್ದಾನೆ, ಕೆಡುಕೂ ಇದೆ, ಇವು ಒಟ್ಟಿಗೆ ಇರಲು ಸಾಧ್ಯವೇ ಇಲ್ಲ ಅಂದ. ಪ್ಲಾಂಟಿಂಗಾ 1974ರಲ್ಲಿ ಉತ್ತರ ಕೊಟ್ಟರು: ನಿಜವಾದ ಸ್ವಾತಂತ್ರ್ಯ ಕೊಟ್ಟ ಮೇಲೆ ಯಾರೂ ತಪ್ಪೇ ಮಾಡದಂತೆ ನೋ‌ಡಿಕೊಳ್ಳುವುದು ದೇವರ ಕೈಯಲ್ಲೂ ಇಲ್ಲದೇ ಇರಬಹುದು. 'ಇರಬಹುದು' ಅಂತಷ್ಟೇ ಸಾಕು, 'ಸಾಧ್ಯವೇ ಇಲ್ಲ' ಅನ್ನುವ ಮಾತು ಬಿದ್ದುಹೋಗುತ್ತದೆ. ಇದನ್ನು ಎದುರು ಪಕ್ಷದವರೂ ಬಹಳ ಮಂದಿ ಒಪ್ಪಿದರು. ಆಗ 1979ರಲ್ಲಿ ಅಮೆರಿಕದ ತತ್ವಶಾಸ್ತ್ರಜ್ಞ ವಿಲಿಯಂ ರೋ ಪ್ರಶ್ನೆಯನ್ನೇ ಬದಲಿಸಿದರು. ಯಾರೂ ಇಲ್ಲದ ಕಾಡಿನಲ್ಲಿ ಬೆಂಕಿ ಬಿದ್ದು ಜಿಂಕೆಮರಿಯೊಂದು ಸುಟ್ಟು ದಿನಗಟ್ಟಲೆ ನರಳಿ ಸಾಯುತ್ತದೆ. ಅದರಿಂದ ಯಾರಿಗೆ ಏನು ಒಳಿತು? ಅಸಾಧ್ಯ ಅಂತಲ್ಲ, ಆದರೆ ದೇವರಿಲ್ಲ ಅನ್ನಲು ಇದು ಒಳ್ಳೆಯ ಕಾರಣ ಅಲ್ವಾ? ಇದಕ್ಕೆ ಇವತ್ತಿಗೂ ಎಲ್ಲರೂ ಒಪ್ಪುವ ಉತ್ತರ ಇಲ್ಲ.

ನಮ್ಮಲ್ಲಿ ಬ್ರಹ್ಮಸೂತ್ರ 2.1.34 ಇದೇ ಆಕ್ಷೇಪವನ್ನು ಎತ್ತಿಕೊಳ್ಳುತ್ತದೆ: ದೇವರಿಗೆ ಪಕ್ಷಪಾತವೂ ಕ್ರೌರ್ಯವೂ ಅಂಟುವುದಿಲ್ಲವೇ? ಇಲ್ಲ, ಅವನು ಜೀವಿಗಳ ಕರ್ಮ ನೋಡಿ ಕೊಡುತ್ತಾನೆ ಅಂತ ಉತ್ತರ. ಶಂಕರರು ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲಾ ಹೊಲಕ್ಕೂ ಒಂದೇ, ಭತ್ತ ಜವೆ ಬೇರೆ ಬೇರೆ ಬೆಳೆಯುವುದು ಬೀಜದಿಂದ. ಚೆಂದದ ಮಾತು. ಆದರೆ ಕಷ್ಟದಲ್ಲಿರುವವರಿಗೆ 'ನಿನ್ನ ಬೀಜವೇ ಹಾಗಿತ್ತು' ಅಂದ ಹಾಗೆ ಆಗುತ್ತದೆ, ಅದು ನನಗೆ ಒಪ್ಪಿಗೆ ಆಗಿಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದಾಗ ಸಭೆಯಿಂದ ರೊಟ್ಟಿ ಗಂಟು ಕಟ್ಟಿಕೊಂಡು ಮುಧೋಳ ಕಡೆಯ ಗಂಜಿ ಕೇಂದ್ರಕ್ಕೆ ಹೋಗಿದ್ದೆವು. ಒಬ್ಬ ಅಜ್ಜಿ ನನ್ನ ಕೈ ಹಿಡಿದು 'ಯಪ್ಪಾ, ದೇವ್ರು ನಮ್ಮನಿನ ಯಾಕ ಆರಿಸಿಕೊಂಡ?' ಅಂದಳು. ಇಷ್ಟು ವರ್ಷ ಪಾಠ ಮಾಡಿದ ಒಂದು ವಾದವೂ ಬಾಯಿಗೆ ಬರಲಿಲ್ಲ, ಬಂದಿದ್ದರೂ ಹೇಳಬಾರದಿತ್ತು. ಸುಮ್ನೆ ಪಕ್ಕದಲ್ಲಿ ಕೂತೆ. ವೋಲ್ಟರ್‌ಸ್ಟಾರ್ಫ್ ಅವರ 25 ವರ್ಷದ ಮಗ 1983ರಲ್ಲಿ ಆಸ್ಟ್ರಿಯಾದ ಬೆಟ್ಟ ಹತ್ತುವಾಗ ಬಿದ್ದು ಸತ್ತ. ಜೀವನವಿಡೀ ತರ್ಕ ಕಲಿಸಿದ ಆ ಮನುಷ್ಯ ಆಗ ಬರೆದ ಸಣ್ಣ ಪುಸ್ತಕದಲ್ಲಿ ಸಮರ್ಥನೆಯ ವಾದ ಇಲ್ಲ, ಗೋಳು ಇದೆ, ಪ್ರಶ್ನೆ ಇದೆ, ಬಿಟ್ಟುಕೊಡದ ನಂಬಿಕೆ ಇದೆ. ತರಗತಿಯಲ್ಲಿ ಕೇಳಿದರೆ ವಾದ ಹೇಳಿ, ಗಂಜಿ ಕೇಂದ್ರದಲ್ಲಿ ಕೇಳಿದರೆ ರೊಟ್ಟಿ ಕೊಡಿ. ಯಾರು ಎಲ್ಲಿ ನಿಂತು ಕೇಳುತ್ತಿದ್ದಾರೆ ಅಂತ ನೋಡಲು ಬಾರದವರು ಈ ವಿಷಯ ಕಲಿಸಬಾರದು ಅಂತ ನನ್ನ ಅಭಿಪ್ರಾಯ.

ಈ ವಿಷಯದಲ್ಲಿ ಇರೋರೆಲ್ಲ ಮೊದಲೇ ನಂಬಿದವರು. ಅವರ ವಾದಕ್ಕೆ ಏನು ಬೆಲೆ?

ಒಳ್ಳೆಯ ಪೆಟ್ಟು. ಅಂಕಿಯೂ ಇದೆ. 2009ರಲ್ಲಿ ಫಿಲ್‌ಪೇಪರ್ಸ್ ಅನ್ನುವ ತತ್ವಶಾಸ್ತ್ರದ ಜಾಲತಾಣ ನಡೆಸಿದ ಸಮೀಕ್ಷೆಯಲ್ಲಿ ತತ್ವಶಾಸ್ತ್ರ ಕಲಿಸುವವರಲ್ಲಿ 72.8 ಪರ್ಸೆಂಟ್ ನಿರೀಶ್ವರವಾದದ ಕಡೆ, 14.6 ಪರ್ಸೆಂಟ್ ಮಾತ್ರ ಈಶ್ವರವಾದದ ಕಡೆ ಇದ್ದರು. ಧರ್ಮದ ತತ್ವಶಾಸ್ತ್ರದಲ್ಲೇ ಪರಿಣತರಾದವರನ್ನು ಕೇಳಿದರೆ ಪೂರಾ ತಿರುವುಮುರುವು, 72.3 ಪರ್ಸೆಂಟ್ ಈಶ್ವರವಾದಿಗಳು. ಓದಿ ನಂಬಿದರಾ, ನಂಬಿದ್ದಕ್ಕೆ ಓದಲು ಬಂದರಾ? ಹೆಚ್ಚಿನವರು ನಂಬಿಯೇ ಬರುತ್ತಾರೆ, ನಾನೂ ಹಾಗೇ ಬಂದವನು. ಅದಕ್ಕೇ ನಮ್ಮ ಕ್ಷೇತ್ರಕ್ಕೆ ನಂಬದವರು ಬಹಳ ಬೇಕು. ಅವರಿಲ್ಲದೆ ಹೋದರೆ ನಮ್ಮ ಪೂರ್ವಪಕ್ಷ ನಾವೇ ಮಾಡಿಕೊಂಡ ಗೊಂಬೆ ಆಗುತ್ತದೆ.

ಓದ್ತಾ ಓದ್ತಾ ನಂಬಿಕೆ ಹೋಗಿಬಿಟ್ರೆ?

ಹೋಗಬಹುದು. ಮೇಲೆ ಹೇಳಿದ ವಿಲಿಯಂ ರೋ ಸಭೆಯ ಸೇವೆಗೆ ಅಂತ ಸೆಮಿನರಿ ಓದಿದವರು, ನಿಧಾನವಾಗಿ ನಂಬಿಕೆ ಬಿಟ್ಟರು. ಆದರೆ ನಂಬುವವರೂ ವಿವೇಕಿಗಳಾಗಿ ಇರಬಹುದು ಅಂತ ಒಪ್ಪಿ, ತಮ್ಮದನ್ನು ಸ್ನೇಹದ ನಿರೀಶ್ವರವಾದ ಅಂತ ಕರೆದರು. ಇನ್ನೊಂದು ಕಡೆ ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಆಂಟನಿ ಫ್ಲೂ ಐವತ್ತು ವರ್ಷ ದೇವರಿಲ್ಲ ಅಂತ ವಾದಿಸಿ 2004ರಲ್ಲಿ, ಎಂಬತ್ತು ದಾಟಿದ ಮೇಲೆ, ಸೃಷ್ಟಿಗೆ ಮೂಲವಾದ ಒಂದು ಬುದ್ಧಿ ಇದೆ ಅನ್ನುವ ಕಡೆ ಬಂದರು. ನನಗೆ ಎರಡು ವರ್ಷ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಆಗಲೂ ಭಾನುವಾರ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ, ಬೇರೆಯವರು ಹಾಡುತ್ತಿದ್ದರು. ನಿಮ್ಮ ಮಗನಿಗೋ ಮಗಳಿಗೋ ಹೀಗಾದರೆ ಬೈಯಬೇಡಿ, ಮನೆಯಿಂದ ಹೊರಗೆ ಹಾಕುವ ಮಾತಂತೂ ಆಡಬೇಡಿ.

ಕೊನೆಗೆ ಎಲ್ಲಾ ಧರ್ಮನೂ ಒಂದೇ ಅಲ್ವಾ?

ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜಾನ್ ಹಿಕ್ ಹತ್ತಿರ ಹತ್ತಿರ ಹಾಗೇ ಹೇಳಿದರು. 1967ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಗುರುದ್ವಾರ, ಮಸೀದಿ, ದೇವಸ್ಥಾನಗಳಲ್ಲಿ ಜನ ದೇವರಿಗೆ ಮನಸ್ಸು ತೆರೆಯುವುದನ್ನು ಕಂಡು ಅವರ ಯೋಚನೆ ಬದಲಾಯಿತು. ಒಂದೇ ಪರಮಸತ್ಯಕ್ಕೆ ಬೇರೆ ಬೇರೆ ಸಂಸ್ಕೃತಿಗಳ ಸ್ಪಂದನ ಅಂತ ಅವರ ಸಿದ್ಧಾಂತ. ನಮ್ಮ ಕಾರ್ಕಳದ ಸ್ಟ್ಯಾನ್ಲಿ ಸಮರ್ಥ, ಬಲ್ಮಠದಲ್ಲಿ ಪ್ರಾಂಶುಪಾಲರಾಗಿದ್ದು ಆಮೇಲೆ ಜಿನೀವಾದಲ್ಲಿ ವಿಶ್ವ ಸಭೆಗಳ ಒಕ್ಕೂಟದ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದವರು, ನೆರೆಯವರ ಜೊತೆ ಬದುಕಿದ ಅನುಭವದಿಂದಲೇ ಇದನ್ನು ಯೋಚಿಸಿದರು.

ನನಗೆ ಹಿಕ್ ಅವರ ಜೊತೆ ಒಂದು ತಕರಾರು ಇದೆ. ಬಸವಣ್ಣನವರ ಕೂಡಲಸಂಗಮದೇವ, ಯೇಸುವಿನ ತಂದೆ, ಶೂನ್ಯ ಅನ್ನುವ ಬೌದ್ಧರ ಮಾತು, ಇವೆಲ್ಲ ಒಂದೇ ಅಂದುಬಿಟ್ಟರೆ ಮೂವರೂ 'ನಾವು ಹೇಳಿದ್ದು ಅದಲ್ಲ' ಅನ್ನುತ್ತಾರೆ. ಗೌರವ ಕೊಡಲು ಹೋಗಿ ಅವರ ಮಾತನ್ನೇ ಅಳಿಸಿದ ಹಾಗಾಗುತ್ತದೆ. ಪಕ್ಕದ ಮನೆಯವರನ್ನು ಪ್ರೀತಿಸಲು ಅವರು ನನ್ನ ಹಾಗೇ ಇರಬೇಕಿಲ್ಲ.

ಪಿಎಚ್.ಡಿ.ಗೆ ಯಾವ ವಿಷಯ ತಗೊಳ್ಳಲಿ?

ಅಮೆರಿಕದಲ್ಲಿ ಈಗಾಗಲೇ ನೂರು ಜನ ಬರೆದ ವಿಷಯ ಬೇಡ. ನಿಮ್ಮ ಕಾಲ ಕೆಳಗೆ ಯಾರೂ ಅಗೆಯದ ಹೊಲ ಇದೆ. ಅಮೆರಿಕದ ತತ್ವಶಾಸ್ತ್ರಜ್ಞ ವಿಲಿಯಂ ಆಲ್ಸ್ಟನ್ 1991ರಲ್ಲಿ, ಕಣ್ಣಿಂದ ನೋಡಿದ್ದನ್ನು ನಂಬುವ ಹಾಗೆ ದೇವರ ಅನುಭವವನ್ನೂ, ಬೇರೆ ಬಲವಾದ ಅಡ್ಡಿ ಇಲ್ಲದಿದ್ದರೆ, ನಂಬುವುದು ನ್ಯಾಯ ಅಂತ ವಾದಿಸಿದರು. ರಾನಡೆಯವರು ಅದಕ್ಕೆ ಎಷ್ಟೋ ವರ್ಷ ಮೊದಲು ಅನುಭಾವಿಗಳ ಸಾಕ್ಷಿಯನ್ನು ಒರೆಗೆ ಹಚ್ಚಿದ್ದರು. ಇಬ್ಬರನ್ನೂ ಎದುರು ಬದುರು ಕೂರಿಸಿ ಓದಿ. ವಿಜಯಪುರದ ಸೂಫಿಗಳ ದಖನಿ ಪದಗಳಲ್ಲಿ ದೇವರ ಹತ್ತಿರವೂ ದೂರವೂ ಹೇಗೆ ಬರುತ್ತದೆ ಅಂತ ನೋಡಬಹುದು, ಅದಕ್ಕೆ ಉರ್ದು ಲಿಪಿ ಕಲಿಯಬೇಕು. ಬಾಸೆಲ್ ಮಿಷನರಿಗಳು ಲಿಂಗಾಯತರ ಜೊತೆ ಮಾಡಿದ ವಾದಗಳನ್ನು ತರ್ಕದ ಕಣ್ಣಿಂದ, ಎರಡೂ ಕಡೆಯವರಿಗೆ ನ್ಯಾಯ ಕೊಟ್ಟು ನೋಡಬಹುದು. ಇದಕ್ಕೆ ಜರ್ಮನ್ ಬೇಕು, ಎರಡು ವರ್ಷ ಕೂತರೆ ಬರುತ್ತದೆ.

ಯಾವುದೇ ಆಗಲಿ, ಮಾರ್ಗದರ್ಶಕರ ಹತ್ತಿರ ಹೋಗುವ ಮೊದಲು ಹತ್ತು ಪುಟ ಬರೆಯಿರಿ. ನಿಮ್ಮ ವಾದದ್ದಲ್ಲ, ನಿಮ್ಮನ್ನು ಒಪ್ಪದವರ ವಾದದ್ದು. ಕನ್ನಡದಲ್ಲೇ ಬರೆಯಿರಿ. ನನ್ನ ಹತ್ತಿರ ತಂದರೆ ಓದಿ, ಎಲ್ಲಿ ಅವರಿಗೆ ಮೋಸ ಆಗಿದೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡುತ್ತೇನೆ.